ನ್ಯಾನೋಕಣಗಳ ಗಾತ್ರ ಹತೋಟಿ: ಬ್ಲಾಕ್ ಕೋಪಾಲಿಮರುಗಳ ಪಾತ್ರ

ಎಣ್ಣೆ ರೂಪದ ಕೀಟನಾಶಕವನ್ನು ನೀರಿಗೆ ಸುರಿದೊಡನೆ ನೀರು ಹಾಲಿನಂತೆ ಬೆಳ್ಳಗಾಗುವುದನ್ನು ಸಿಂಪರಣೆ ಮಾಡುವ ರೈತರೆಲ್ಲರೂ ಕಂಡಿದ್ದಾರೆ. ಸೀಸೆಯಲ್ಲಿ ಔಷಧಿ ತಿಳಿಯಾಗಿಯೇ ಇರುತ್ತದೆ, ಡ್ರಮ್ಮಿನಲ್ಲಿ ನೀರೂ ತಿಳಿಯಾಗಿಯೇ ಇರುತ್ತದೆ. ಎರಡೂ ಸೇರಿದಾಗ ಮಾತ್ರ ಬಿಳುಪು. ಔಷಧಿಯು ನೀರಿನಲ್ಲಿ ಕರಗದೆ ಲೆಕ್ಕವಿಲ್ಲದಷ್ಟು ಸಣ್ಣ ಹನಿಗಳಾಗಿ ಚದುರುವುದೇ ಇದಕ್ಕೆ ಕಾರಣ. ಈ ಹನಿಗಳ ವ್ಯಾಸ ಹೆಚ್ಚಾಗಿ ಒಂದು ಮೈಕ್ರಾನಿನ ಆಸುಪಾಸಿನಿಂದ ಕೆಲವು ಮೈಕ್ರಾನುಗಳವರೆಗೆ ಇರುತ್ತದೆ. ಒಂದು ಮೈಕ್ರಾನ್ ಎಂದರೆ ಒಂದು ಮಿಲಿಮೀಟರಿನ ಸಾವಿರದ ಒಂದು ಭಾಗ. ಅದನ್ನು ಮತ್ತೆ ಸಾವಿರ ಪಾಲು ಮಾಡಿದರೆ ಒಂದು ಪಾಲಿಗೆ ಒಂದು ನ್ಯಾನೋಮೀಟರ್ ಎಂದು ಹೆಸರು. ಮನುಷ್ಯನ ತಲೆಗೂದಲು ಸುಮಾರು 50 ಸಾವಿರದಿಂದ 1 ಲಕ್ಷ ನ್ಯಾನೋಮೀಟರ್ ದಪ್ಪವಿರುತ್ತದೆ. ಹೊಗೆಸೊಪ್ಪಿನ ಮೊಸಾಯಿಕ್ ರೋಗದ ನಂಜಾಣು 300 ನ್ಯಾನೋಮೀಟರ್ ಉದ್ದ, 18 ನ್ಯಾನೋಮೀಟರ್ ದಪ್ಪದ ಕಡ್ಡಿಯಂತಿದೆ. ಸಾಮಾನ್ಯವಾಗಿ 1 ರಿಂದ 100 ನ್ಯಾನೋಮೀಟರ್ ಗಾತ್ರದ ಕಣಗಳನ್ನು ನ್ಯಾನೋಕಣಗಳೆಂದು ಕರೆಯಲಾಗುತ್ತದೆ. ಕೆಲವು ನೂರು ನ್ಯಾನೋಮೀಟರಿನ ಕಣಗಳಿಗೂ ಬಳಕೆಯಲ್ಲಿ ಇದೇ ಹೆಸರು ಸಲ್ಲುತ್ತಿದೆ.

2021ರಲ್ಲಿ ನ್ಯಾನೋ ಯೂರಿಯಾ ಮಾರುಕಟ್ಟೆಗೆ ಬಂದ ಮೇಲೆ ಈ ಪದ ಹಳ್ಳಿಯ ಅಂಗಡಿಗೂ ತಲುಪಿತು. ಆ ಗೊಬ್ಬರದ ಲಾಭನಷ್ಟದ ಚರ್ಚೆ ಬೇರೆ, ಅದು ಇಲ್ಲಿಯ ವಿಷಯವಲ್ಲ. ನೀರಿನಲ್ಲಿ ಕರಗದ ಔಷಧಿಯನ್ನು ನ್ಯಾನೋಕಣವಾಗಿ ಮಾಡಲು ಬಳಸುವ ಬ್ಲಾಕ್ ಕೋಪಾಲಿಮರ್ ಎಂಬ ವಸ್ತುವನ್ನೂ, ಅದರ ಸಹಾಯದಿಂದ ಕಣದ ಗಾತ್ರವನ್ನು ಬೇಕಾದಲ್ಲಿಗೆ ನಿಲ್ಲಿಸುವ ಬಗೆಯನ್ನೂ ಈ ಲೇಖನದಲ್ಲಿ ವಿವರಿಸಲಾಗಿದೆ. ಗಾತ್ರವು ಔಷಧಿಯ ಹುಟ್ಟುಗುಣವಲ್ಲ ಎಂಬುದನ್ನು ಮೊದಲೇ ಹೇಳಬೇಕು. ಅದು ತಯಾರಿಕೆಯ ಸಮಯದಲ್ಲಿ ಕ್ಷಣಾರ್ಧದಲ್ಲಿ ನಿಶ್ಚಯವಾಗುತ್ತದೆ. ಆಮೇಲೆ ಅದನ್ನು ಕಾಪಾಡಿಕೊಂಡು ಬರಬೇಕಾಗುತ್ತದೆ. ಕಾರ್ಖಾನೆಯಲ್ಲಿ ಸರಿಯಾಗಿಯೇ ಮಾಡಿದ ಕಣ ಹೊಲದ ಬದುವಿನ ಮೇಲಿನ ಡ್ರಮ್ಮಿನಲ್ಲಿ ಕೆಲವೇ ನಿಮಿಷಗಳಲ್ಲಿ ಕೆಟ್ಟುಹೋಗಲೂಬಹುದು. ಹೆಚ್ಚು ಬೆಲೆ ತೆತ್ತು ಕೊಂಡವರಿಗೆ ಇದು ಕೇವಲ ವಿಜ್ಞಾನದ ಮಾತಾಗಿ ಉಳಿಯುವುದಿಲ್ಲ.

ಗಾತ್ರಕ್ಕೆ ಏಕಿಷ್ಟು ಮಹತ್ವ?

ಒಂದು ಸಣ್ಣ ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಸಿಂಪರಣಾ ಯಂತ್ರದ ನಳಿಕೆಯಿಂದ ಹೊರಬೀಳುವ ಒಂದು ಹನಿಯ ವ್ಯಾಸ 200 ಮೈಕ್ರಾನ್ ಎಂದಿಟ್ಟುಕೊಳ್ಳೋಣ. ದ್ರಾವಣದಲ್ಲಿ ಲೀಟರಿಗೆ 0.1 ಗ್ರಾಂ ಔಷಧಿ ಇದೆ. ಔಷಧಿಯ ಕಣಗಳು 10 ಮೈಕ್ರಾನ್ ಗಾತ್ರದವಾದರೆ ಒಂದು ಹನಿಯ ಪಾಲಿಗೆ ಸರಾಸರಿ ಒಂದು ಕಣವೂ ಪೂರ್ತಿ ಬರುವುದಿಲ್ಲ. ಲೆಕ್ಕಕ್ಕೆ ಸಿಗುವುದು 0.8 ಮಾತ್ರ. ಅಂದರೆ ಎಲೆಯ ಮೇಲೆ ಬಿದ್ದ ಎಷ್ಟೋ ಹನಿಗಳು ಬರಿಯ ನೀರಿನ ಹನಿಗಳೇ. ಕಣಗಳು 2 ಮೈಕ್ರಾನ್ ಆದರೆ ಪ್ರತಿ ಹನಿಯಲ್ಲಿ ಸುಮಾರು 100 ಕಣಗಳಿರುತ್ತವೆ. 100 ನ್ಯಾನೋಮೀಟರ್ ಆದರೆ ಅದೇ ಹನಿಯಲ್ಲಿ, ಅದೇ ಪ್ರಮಾಣದ ಔಷಧಿಯಿಂದ, ಸುಮಾರು 8 ಲಕ್ಷ ಕಣಗಳು ದೊರೆಯುತ್ತವೆ.

ಮೇಲ್ಮೈ ವಿಸ್ತೀರ್ಣವೂ ಹೀಗೆಯೇ ಹೆಚ್ಚುತ್ತದೆ. ನೀರಿನಷ್ಟೇ ಸಾಂದ್ರತೆಯ ಒಂದು ಗ್ರಾಂ ವಸ್ತುವನ್ನು 10 ಮೈಕ್ರಾನ್ ಕಣಗಳಾಗಿ ಮಾಡಿದರೆ ಅವುಗಳ ಒಟ್ಟು ಮೇಲ್ಮೈ 0.6 ಚದರ ಮೀಟರ್, ಕೂರುವ ಮಣೆ ಎರಡು ಮೂರು ಸೇರಿದಷ್ಟು. 100 ನ್ಯಾನೋಮೀಟರ್ ಕಣಗಳಾಗಿ ಮಾಡಿದರೆ 60 ಚದರ ಮೀಟರ್, ಅಂದರೆ ಅರ್ಧ ಗುಂಟೆಗೂ ಹೆಚ್ಚು. ಔಷಧಿ ಕರಗಿ ಹೊರಬರುವುದು ಈ ಮೇಲ್ಮೈಯಿಂದಲೇ. ನೀರಿನಲ್ಲಿ ಬಹುಮಟ್ಟಿಗೆ ಕರಗದ ಔಷಧಿಗಳ ಕೆಲಸ ಕಣದ ಗಾತ್ರವನ್ನು ಇಷ್ಟೊಂದು ಅವಲಂಬಿಸಿರುವುದು ಈ ಕಾರಣದಿಂದ.

ಅರೆದು ಅರೆದು ಕಣವನ್ನು ಸಣ್ಣದು ಮಾಡಬಾರದೇಕೆ ಎಂಬ ಪ್ರಶ್ನೆ ಸಹಜ. ಎಸ್.ಸಿ. ಎಂದು ಗುರುತಿಸಲಾಗುವ ಗಟ್ಟಿ ದ್ರವರೂಪದ ಔಷಧಿಗಳನ್ನು ಸಣ್ಣ ಗುಂಡುಗಳಿರುವ ಗಿರಣಿಯಲ್ಲಿ ಅರೆದೇ ತಯಾರಿಸುತ್ತಾರೆ. ಆದರೆ ಕೆಲವು ಮೈಕ್ರಾನುಗಳಿಂದ ಕೆಳಗಿಳಿದಂತೆ ಅರೆಯಲು ತಗಲುವ ಶಕ್ತಿಯೂ ಕಾಲವೂ ವಿಪರೀತ ಏರುತ್ತವೆ. ಅರೆದ ಪುಡಿ ಮತ್ತೆ ಅಂಟಿಕೊಳ್ಳಲು ಹವಣಿಸುತ್ತಿರುತ್ತದೆ. ಆದ್ದರಿಂದ ದೊಡ್ಡದನ್ನು ಒಡೆಯುವುದಕ್ಕೆ ಬದಲು ಅಣುಗಳಿಂದ ಆರಂಭಿಸಿ ಸಣ್ಣದನ್ನು ಕಟ್ಟುವ ದಾರಿಯನ್ನು ವಿಜ್ಞಾನಿಗಳು ಹಿಡಿದಿದ್ದಾರೆ.

ಬ್ಲಾಕ್ ಕೋಪಾಲಿಮರ್ ಎಂದರೇನು?

ಸಾವಿರಾರು ಸಣ್ಣ ಅಣುಗಳು ಒಂದರ ಹಿಂದೊಂದು ಕೊಂಡಿ ಹಾಕಿಕೊಂಡಾಗ ಆಗುವ ಉದ್ದನೆಯ ಅಣುವೇ ಪಾಲಿಮರ್. ಪ್ಲಾಸ್ಟಿಕ್, ರಬ್ಬರು, ಹತ್ತಿಯ ನಾರು ಎಲ್ಲವೂ ಪಾಲಿಮರುಗಳೇ. ಎರಡು ಬಗೆಯ ಅಣುಗಳನ್ನು ಸೇರಿಸಿ ಪೋಣಿಸಿದರೆ ಅದು ಕೋಪಾಲಿಮರ್. ಪೋಣಿಸುವ ರೀತಿ ಮುಖ್ಯ. ಮಲ್ಲಿಗೆ ಮತ್ತು ಕನಕಾಂಬರವನ್ನು ಬೆರಕೆಯಾಗಿ ಕಟ್ಟಿದ ಮಾಲೆ ಒಂದು ಬಗೆ. ಮೊದಲು ಒಂದು ಮೊಳ ಮಲ್ಲಿಗೆಯನ್ನೇ ಕಟ್ಟಿ, ಅದೇ ದಾರಕ್ಕೆ ಮುಂದೆ ಒಂದು ಮೊಳ ಕನಕಾಂಬರವನ್ನೇ ಕಟ್ಟಿದ ಮಾಲೆ ಇನ್ನೊಂದು ಬಗೆ. ಈ ಎರಡನೆಯದೇ ಬ್ಲಾಕ್ ಕೋಪಾಲಿಮರ್. ಇದರಲ್ಲಿ ಒಂದು ತುಂಡು ನೀರನ್ನು ಬಯಸುವಂಥದು, ಇನ್ನೊಂದು ನೀರನ್ನು ದೂರವಿಡುವಂಥದು ಆಗಿದ್ದರೆ ಅದು ನಮಗೆ ಉಪಯುಕ್ತ. ನೀರಿನಲ್ಲಿ ಬಿಟ್ಟಾಗ ನೀರನ್ನೊಲ್ಲದ ತುಂಡುಗಳು ಒಳಮುಖವಾಗಿ ಒಟ್ಟುಗೂಡುತ್ತವೆ, ನೀರನ್ನೊಲಿದ ತುಂಡುಗಳು ಸುತ್ತಲೂ ಹೊರಚಾಚಿ ನಿಲ್ಲುತ್ತವೆ. ಒಳಗೆ ತಿರುಳು, ಹೊರಗೆ ಪೊರೆ. ಎಣ್ಣೆಯಂಥ ಔಷಧಿ ಅಲ್ಲಿಯೇ ಇದ್ದರೆ ಅದೂ ತಿರುಳಿನೊಳಗೆ ಸೇರಿಕೊಳ್ಳುತ್ತದೆ. ಸೋಪು ಕೊಳೆಯನ್ನು ಸುತ್ತಿ ಹಿಡಿಯುವುದು ಇದೇ ತತ್ತ್ವದ ಮೇಲೆ. ಆದರೆ ಸೋಪಿನ ಅಣು ಗಿಡ್ಡ. ಅದು ಬಂದಷ್ಟೇ ಬೇಗ ಬಿಟ್ಟು ಹೋಗುತ್ತದೆ. ಪಾಲಿಮರಿನ ಉದ್ದ ಬಾಲ ತಿರುಳಿನಲ್ಲಿ ಒಮ್ಮೆ ನಾಟಿಕೊಂಡರೆ ಸುಲಭವಾಗಿ ಕಳಚುವುದಿಲ್ಲ.

ಇಂಥ ಪಾಲಿಮರುಗಳ ತುಂಡಿನ ಉದ್ದವನ್ನು ಅಳತೆಯಿಟ್ಟು ಮಾಡಲು ದಾರಿ ತೋರಿದವರು ಅಮೆರಿಕದ ಸಿರಾಕ್ಯೂಸಿನ ಅರಣ್ಯ ಕಾಲೇಜಿನಲ್ಲಿದ್ದ ಮೈಕೆಲ್ ಶ್ವಾರ್ಕ್. ಸರಪಳಿಯ ತುದಿ ಸಾಯದೆ ಜೀವಂತವಾಗಿ ಉಳಿಯುವ ವಿಧಾನವೊಂದನ್ನು ಅವರು 1956ರಲ್ಲಿ ಪ್ರಕಟಿಸಿದರು. ಒಂದು ಬಗೆಯ ಅಣು ಮುಗಿದ ಮೇಲೆ ಇನ್ನೊಂದು ಬಗೆಯನ್ನು ಹಾಕಿದರೆ ಅದೇ ಸರಪಳಿ ಮುಂದುವರಿದು ಬೆಳೆಯುತ್ತದೆ. ಅರಣ್ಯ ಕಾಲೇಜಿನಲ್ಲಿ ಹುಟ್ಟಿದ ವಿಷಯ ಇಂದು ಕೃಷಿಗೆ ಮರಳುತ್ತಿದೆ ಎನ್ನಬಹುದು. ಇಥಿಲೀನ್ ಆಕ್ಸೈಡ್ ಮತ್ತು ಪ್ರೊಪಿಲೀನ್ ಆಕ್ಸೈಡ್ ತುಂಡುಗಳ, ಪ್ಲುರಾನಿಕ್ ಎಂಬ ಹೆಸರಿನ ಪಾಲಿಮರುಗಳು 1950ರ ದಶಕದಿಂದಲೇ ಮಾರುಕಟ್ಟೆಯಲ್ಲಿವೆ. ಈ ಜಾತಿಯ ಪಾಲಿಮರುಗಳನ್ನು ಎಸ್.ಸಿ. ರೂಪದ ಅನೇಕ ಔಷಧಿಗಳಲ್ಲಿ ಕಣಗಳು ಅಂಟದಂತೆ ತಡೆಯಲು ಈಗಾಗಲೇ ಸೇರಿಸಲಾಗುತ್ತಿದೆ. ಹೀಗಾಗಿ ಹೆಸರು ಹೊಸದಾಗಿ ಕಂಡರೂ ರೈತರು ಈ ವಸ್ತುವನ್ನು ಅರಿಯದೆಯೇ ಬಹಳ ಕಾಲದಿಂದ ಬಳಸುತ್ತಿದ್ದಾರೆ. ಅಲ್ಲಿ ಗಾತ್ರವನ್ನು ನಿಶ್ಚಯಿಸುವುದು ಗಿರಣಿ. ಪಾಲಿಮರಿನದು ಕಾವಲು ಕೆಲಸ ಮಾತ್ರ. ಮುಂದೆ ಹೇಳುವ ವಿಧಾನದಲ್ಲಿ ಪಾಲಿಮರ್ ತಾನೇ ಗಾತ್ರವನ್ನು ಕಟ್ಟುತ್ತದೆ.

ಕಣ ಹುಟ್ಟುವ ಕ್ಷಣ

ನೀರಿನೊಂದಿಗೆ ಸಲೀಸಾಗಿ ಬೆರೆಯುವ ಅಸಿಟೋನ್‌ನಂಥ ದ್ರಾವಕದಲ್ಲಿ ಔಷಧಿಯನ್ನೂ ಬ್ಲಾಕ್ ಕೋಪಾಲಿಮರನ್ನೂ ಕರಗಿಸಲಾಗುತ್ತದೆ. ಈ ದ್ರಾವಣವನ್ನು ನೀರಿಗೆ ಸೇರಿಸಿದಾಗ ದ್ರಾವಕ ನೀರಿನಲ್ಲಿ ಬೆರೆತುಹೋಗುತ್ತದೆ. ಔಷಧಿ ಮತ್ತು ಪಾಲಿಮರಿನ ನೀರನ್ನೊಲ್ಲದ ತುಂಡು ಕರಗಿರಲು ಆಸರೆಯಿಲ್ಲದೆ ಒಟ್ಟುಗೂಡತೊಡಗುತ್ತವೆ. ಮೊದಲು ಬೀಜದಂಥ ಸಣ್ಣ ಗುಂಪುಗಳು ಹುಟ್ಟುತ್ತವೆ, ಅವು ಬೆಳೆಯುತ್ತವೆ, ಒಂದಕ್ಕೊಂದು ತಾಗಿ ಕೂಡಿಕೊಳ್ಳುತ್ತವೆ. ಪಾಲಿಮರ್ ಇಲ್ಲದಿದ್ದರೆ ಈ ಬೆಳವಣಿಗೆ ತಳದಲ್ಲಿ ಗಸಿಯಾಗಿ ಕೂರುವವರೆಗೂ ನಿಲ್ಲುವುದಿಲ್ಲ. ಪಾಲಿಮರ್ ಇದ್ದರೆ ಅದರ ಸರಗಳು ಬೆಳೆಯುವ ಕಣದ ಮೈಮೇಲೆ ನಾಟಿಕೊಂಡು ಪೊರೆ ಕಟ್ಟುತ್ತವೆ. ಪೊರೆ ಪೂರ್ತಿಯಾದಲ್ಲಿಗೆ ಬೆಳವಣಿಗೆ ನಿಲ್ಲುತ್ತದೆ. ಕಣ ಬೆಳೆಯುವ ವೇಗ, ಪೊರೆ ಕಟ್ಟುವ ವೇಗ, ಇವೆರಡರ ಪೈಪೋಟಿಯ ಫಲವೇ ಕೊನೆಯ ಗಾತ್ರ.

ಇಲ್ಲಿ ಮೂರನೆಯ ವೇಗವೊಂದಿದೆ. ಅದು ಬೆರೆಸುವ ವೇಗ. ರಾಗಿ ಅಂಬಲಿ ಮಾಡುವಾಗ ಹಿಟ್ಟನ್ನು ಕುದಿಯುವ ನೀರಿಗೆ ನಿಧಾನವಾಗಿ ಸುರಿದು ಸೋಮಾರಿತನದಿಂದ ತಿರುವಿದರೆ ಗಂಟುಗಳಾಗುತ್ತವೆ. ಹಿಟ್ಟು ನೀರಿನಲ್ಲಿ ಹರಡುವುದಕ್ಕೆ ಮೊದಲೇ ಅದರ ಹೊರಮೈ ಬೆಂದು ಅಂಟಿಕೊಳ್ಳುವುದೇ ಇದಕ್ಕೆ ಕಾರಣ. ಎಷ್ಟು ಮನೆಗಳಲ್ಲಿ ತಿರುವಿದರೆ ಅಷ್ಟು ಬಗೆಯ ಗಂಟು. ಅಕ್ಕಿ, ರಾಗಿ ಒಂದೇ ಆದರೂ ಅಡುಗೆಯವರ ಕೈ ಬೇರೆ. ನ್ಯಾನೋಕಣಗಳ ತಯಾರಿಕೆಯಲ್ಲಿಯೂ ಇದೇ ತೊಂದರೆ. ಪಾತ್ರೆಯಲ್ಲಿ ಕಲಕುತ್ತ ದ್ರಾವಣವನ್ನು ಹನಿಹನಿಯಾಗಿ ಬಿಟ್ಟರೆ ಹನಿ ಬಿದ್ದ ಜಾಗದಲ್ಲಿ ಒಂದು ಹದ, ಅಂಚಿನಲ್ಲಿ ಇನ್ನೊಂದು ಹದ. ಕೆಲವು ಕಣಗಳು ದ್ರಾವಕ ಹೆಚ್ಚಿರುವಲ್ಲಿ ನಿಧಾನವಾಗಿ ಬೆಳೆದು ದೊಡ್ಡವಾಗುತ್ತವೆ, ಕೆಲವು ನೀರು ಹೆಚ್ಚಿರುವಲ್ಲಿ ಥಟ್ಟನೆ ನಿಂತು ಸಣ್ಣವಾಗಿಯೇ ಉಳಿಯುತ್ತವೆ. ಪ್ರಯೋಗಶಾಲೆಯ ಸಣ್ಣ ಬೀಕರಿನಲ್ಲಿ ಬಂದ ಗಾತ್ರ ಕಾರ್ಖಾನೆಯ ದೊಡ್ಡ ತೊಟ್ಟಿಯಲ್ಲಿ ಬರುವುದಿಲ್ಲ. ಈ ಕಾರಣಕ್ಕೆ ಅನೇಕ ಒಳ್ಳೆಯ ಸಂಶೋಧನೆಗಳು ಬೀಕರಿನಲ್ಲಿಯೇ ನಿಂತವು.

ನಿಧಾನವಾಗಿ ಬೆಳೆದದ್ದು ದೊಡ್ಡದಾಗುತ್ತದೆ, ಅವಸರದಲ್ಲಿ ಹುಟ್ಟಿದ್ದು ಸಣ್ಣದಾಗುತ್ತದೆ ಎಂಬುದು ಕಲ್ಲುಸಕ್ಕರೆ ಮಾಡುವವರಿಗೂ ಗೊತ್ತು. ಪಾಕವನ್ನು ದಿನಗಟ್ಟಲೆ ಅಲುಗಿಸದೆ ಇಟ್ಟರೆ ದೊಡ್ಡ ಹರಳು. ಬೇಗ ತಣಿಸಿ ಕಲಕಿದರೆ ನುಣುಪು ಸಕ್ಕರೆ. ಎಲ್ಲ ಕಡೆಯೂ ಒಂದೇ ಕ್ಷಣದಲ್ಲಿ, ಒಂದೇ ಹದದಲ್ಲಿ, ಬಹಳಷ್ಟು ಬೀಜಗಳು ಒಟ್ಟಿಗೇ ಹುಟ್ಟಿದರೆ ವಸ್ತು ಅಷ್ಟೂ ಬೀಜಗಳಿಗೆ ಸಮನಾಗಿ ಹಂಚಿಹೋಗಿ ಕಣಗಳು ಸಣ್ಣವೂ ಒಂದೇ ಅಳತೆಯವೂ ಆಗುತ್ತವೆ.

ಇದನ್ನು ಸಾಧಿಸುವ ಸರಳ ಉಪಕರಣವೊಂದನ್ನು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯದ ಬ್ರಯಾನ್ ಜಾನ್ಸನ್ ಮತ್ತು ರಾಬರ್ಟ್ ಪ್ರುಡ್‌ಹೋಮ್ 2003ರಲ್ಲಿ ಬಳಕೆಗೆ ತಂದರು. ಬೆರಳ ತುದಿಯಷ್ಟೂ ಇಲ್ಲದ ಸಣ್ಣ ಕೋಣೆಯೊಳಗೆ ಎರಡು ಧಾರೆಗಳು ಎದುರುಬದುರಾಗಿ ಬಂದು ರಭಸದಿಂದ ಢಿಕ್ಕಿ ಹೊಡೆಯುತ್ತವೆ. ಒಂದು ಧಾರೆಯಲ್ಲಿ ಔಷಧಿ ಮತ್ತು ಪಾಲಿಮರ್ ಕರಗಿದ ದ್ರಾವಕ, ಇನ್ನೊಂದರಲ್ಲಿ ನೀರು. ಕೆಲವೇ ಮಿಲಿಸೆಕೆಂಡುಗಳಲ್ಲಿ ಎರಡೂ ಪೂರ್ತಿಯಾಗಿ ಬೆರೆತುಹೋಗುತ್ತವೆ. ಕಣ್ಣು ಒಮ್ಮೆ ಮಿಟುಕಲು ನೂರು ಮಿಲಿಸೆಕೆಂಡಿಗೂ ಹೆಚ್ಚು ಬೇಕೆಂಬುದನ್ನು ನೆನೆದರೆ ಈ ವೇಗದ ಅಂದಾಜು ಸಿಗುತ್ತದೆ. ಈ ವಿಧಾನಕ್ಕೆ ಫ್ಲಾಶ್ ನ್ಯಾನೋ ಅವಕ್ಷೇಪಣ ಎಂದು ಹೆಸರು.

ಅವರು ಕಂಡುಕೊಂಡ ಒಂದು ಸಂಗತಿ ವಿಶೇಷ ಗಮನಕ್ಕೆ ಅರ್ಹವಾದುದು. ಧಾರೆಗಳ ವೇಗವನ್ನು ಹೆಚ್ಚಿಸುತ್ತ ಹೋದಂತೆ ಕಣದ ಗಾತ್ರ ಇಳಿಯುತ್ತದೆ. ಆದರೆ ಒಂದು ಮಿತಿ ದಾಟಿದ ಮೇಲೆ ವೇಗವನ್ನು ಎಷ್ಟು ಹೆಚ್ಚಿಸಿದರೂ ಗಾತ್ರ ಬದಲಾಗುವುದಿಲ್ಲ. ಆ ಮಿತಿಯಲ್ಲಿ ಬೆರೆಯುವ ಕೆಲಸವು ಪಾಲಿಮರುಗಳು ಒಟ್ಟುಗೂಡುವುದಕ್ಕೆ ಮೊದಲೇ ಮುಗಿದಿರುತ್ತದೆ. ಅಲ್ಲಿಂದ ಮುಂದೆ ಗಾತ್ರವನ್ನು ನಿಶ್ಚಯಿಸುವುದು ಸಾಮಗ್ರಿಯೇ ಹೊರತು ಕಲಕುವವರ ಕೈಯಲ್ಲ. ಹೀಗೆ ಕೈಯ ವ್ಯತ್ಯಾಸ ತೊಲಗಿದ್ದರಿಂದಲೇ ಪ್ರಯೋಗಶಾಲೆಯ ಅಳತೆಯನ್ನು ಹೆಚ್ಚು ಪ್ರಮಾಣದಲ್ಲಿಯೂ ಉಳಿಸಿಕೊಳ್ಳುವುದು ಸಾಧ್ಯವಾಯಿತು. ಮುಂದೆ ನಾಲ್ಕು ಧಾರೆಗಳು ಸುಳಿಯಾಗಿ ಸೇರುವ ಉಪಕರಣವೂ ಬಂದಿತು. ಅದೇ ಪ್ರಿನ್ಸ್‌ಟನ್ ತಂಡ 2008ರಲ್ಲಿ ಬೈಫೆಂತ್ರಿನ್ ಎಂಬ, ನೀರಿನಲ್ಲಿ ಕರಗದ ಕೀಟನಾಶಕವನ್ನು ಈ ಬಗೆಯಲ್ಲಿ ನ್ಯಾನೋಕಣಗಳಾಗಿ ಮಾಡಿ ತೋರಿಸಿತು. 2020ರಲ್ಲಿ ಬಂದ ಫೈಜರ್ ಕೊರೊನಾ ಲಸಿಕೆಯಲ್ಲಿ ಕಣಗಳು ಪಾಲಿಮರಿನವಲ್ಲ, ಕೊಬ್ಬಿನವು. ಆದರೂ ಅವುಗಳ ತಯಾರಿಕೆಯಲ್ಲಿ ಎದುರುಬದುರು ಧಾರೆಗಳ ಇದೇ ತತ್ತ್ವವನ್ನು ಅನುಸರಿಸಲಾಯಿತು.

ಸಾಮಗ್ರಿಯ ಪಾಲು

ಬೆರೆಸುವಿಕೆ ಸರಿಯಾದ ಮೇಲೆ ಗಾತ್ರವನ್ನು ತಿದ್ದಲು ಉಳಿಯುವ ಹಿಡಿಗಳು ಕೆಲವೇ. ಪಾಲಿಮರಿನ ನೀರನ್ನೊಲ್ಲದ ತುಂಡನ್ನು ಉದ್ದ ಮಾಡಿದರೆ ತಿರುಳು ದೊಡ್ಡದಾಗುತ್ತದೆ. ತುಂಡು ದುಪ್ಪಟ್ಟಾದರೆ ಕಣ ದುಪ್ಪಟ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆ ಬೆಳೆಯುತ್ತದೆ. ನೀರನ್ನೊಲಿದ ತುಂಡನ್ನು ಉದ್ದ ಮಾಡಿದರೆ ಸರಗಳು ಒಂದನ್ನೊಂದು ತಳ್ಳುವುದರಿಂದ ಒಂದು ಕಣದಲ್ಲಿ ಕಡಿಮೆ ಸರಗಳು ಸೇರಿ ತಿರುಳು ಚಿಕ್ಕದಾಗುತ್ತದೆ, ಪೊರೆ ದಪ್ಪವಾಗುತ್ತದೆ. ನೀರನ್ನೊಲಿದ ತುಂಡು ತೀರ ಗಿಡ್ಡವಾದರೆ ಗುಂಡುಕಣಗಳೇ ಆಗದೆ ಎಳೆಗಳೋ ಟೊಳ್ಳು ಚೀಲಗಳೋ ಆಗುತ್ತವೆ. ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದ ಝಾಂಗ್ ಮತ್ತು ಐಸೆನ್‌ಬರ್ಗ್ 1995ರಲ್ಲಿ ಇದನ್ನು ಚಿತ್ರಸಹಿತ ತೋರಿಸಿದರು.

ಔಷಧಿ ಮತ್ತು ಪಾಲಿಮರಿನ ಅನುಪಾತದ ಲೆಕ್ಕ ಸುಣ್ಣ ಹೊಡೆಯುವ ಲೆಕ್ಕದಂತೆಯೇ ಇದೆ. ಒಂದು ಚೀಲ ಸುಣ್ಣ ಇಷ್ಟೇ ಗೋಡೆಗೆ ಸಾಕು. ಸುಣ್ಣ ಅರ್ಧಕ್ಕಿಳಿದರೆ ಅದೇ ಜನಕ್ಕೆ ಹಲವು ಸಣ್ಣ ಮನೆಗಳ ಬದಲು ಕೆಲವೇ ದೊಡ್ಡ ಮನೆಗಳಾಗಬೇಕು, ಆಗ ಗೋಡೆ ಕಡಿಮೆಯಾಗುತ್ತದೆ. ಪಾಲಿಮರ್ ಅರ್ಧವಾದರೆ ಅಷ್ಟೇ ಔಷಧಿಯನ್ನು ಮುಚ್ಚಲು ಕಣಗಳ ವ್ಯಾಸ ಹೆಚ್ಚುಕಡಿಮೆ ದುಪ್ಪಟ್ಟಾಗಬೇಕಾಗುತ್ತದೆ. ಪಾಲಿಮರ್ ದುಬಾರಿ ವಸ್ತುವಾದ್ದರಿಂದ ಅದರಲ್ಲಿ ಉಳಿತಾಯ ಮಾಡುವ ಆಸೆ ತಯಾರಕರಿಗೆ ಇದ್ದೇ ಇರುತ್ತದೆ. ಆ ಉಳಿತಾಯ ಮೊದಲು ಕಾಣಿಸಿಕೊಳ್ಳುವುದು ಗಾತ್ರದಲ್ಲಿ.

ಪಾಲಿಇಥಿಲೀನ್ ಗ್ಲೈಕಾಲ್ ಮತ್ತು ಪಾಲಿಲ್ಯಾಕ್ಟಿಕ್ ಆಮ್ಲದ ಜೋಡಿ ಹೆಚ್ಚು ಅಭ್ಯಾಸಗೊಂಡಿದೆ. ಎರಡನೆಯದು ಮೊಸರಿನ ಹುಳಿಗೆ ಕಾರಣವಾದ ಲ್ಯಾಕ್ಟಿಕ್ ಆಮ್ಲದಿಂದಲೇ ಆದುದು; ನೀರಿನ ಸಂಪರ್ಕದಲ್ಲಿ ನಿಧಾನವಾಗಿ ಬಿಡಿಸಿಕೊಂಡು ಮತ್ತೆ ಅದೇ ಆಮ್ಲವಾಗುತ್ತದೆ. ಈ ಜೋಡಿಯಿಂದ ಮಾಡಿದ ಕ್ಯಾನ್ಸರ್ ಔಷಧಿಗೆ ದಕ್ಷಿಣ ಕೊರಿಯಾದಲ್ಲಿ 2007ರಲ್ಲಿ ಅನುಮತಿ ದೊರೆಯಿತು. ಮಾನವ ವೈದ್ಯಕ್ಕೆ ಮೊದಲು ಬಂದುದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿ ಒಂದು ಗ್ರಾಂ ಔಷಧಿಗೆ ತೆರುವ ಬೆಲೆ ಎಕರೆ ಲೆಕ್ಕದಲ್ಲಿ ಸಿಂಪಡಿಸುವ ಔಷಧಿಗೆ ಹೊಂದುವಂಥದಲ್ಲ. ನಮ್ಮ ದೇಶದಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪಾಲಿಇಥಿಲೀನ್ ಗ್ಲೈಕಾಲನ್ನು ಕೊಬ್ಬಿನ ಜಾತಿಯ ಆಮ್ಲಗಳೊಂದಿಗೆ ಪೋಣಿಸಿ, ಅದಕ್ಕಿಂತ ಸರಳವಾದ ಕೋಪಾಲಿಮರುಗಳನ್ನು ತಯಾರಿಸಿದ್ದಾರೆ. ಅವುಗಳಲ್ಲಿ ಇಮಿಡಾಕ್ಲೋಪ್ರಿಡ್ ಮೊದಲಾದ ಕೀಟನಾಶಕಗಳನ್ನು ತುಂಬಿ ನಿಧಾನವಾಗಿ ಬಿಡುಗಡೆಯಾಗುವಂತೆ ಮಾಡುವ ಪ್ರಯೋಗಗಳನ್ನು ನಡೆಸಿದ್ದಾರೆ.

ಅಳತೆಯ ತೊಡಕು

ಚೀಟಿಯ ಮೇಲೆ 80 ನ್ಯಾನೋಮೀಟರ್ ಎಂದು ಬರೆದಿದ್ದರೆ ಅದು ಯಾವ ಅಳತೆ? ಇದು ಕೇಳಲೇಬೇಕಾದ ಪ್ರಶ್ನೆ. ನೀರಿನಲ್ಲಿ ತೇಲುವ ಕಣಗಳು ಎಡೆಬಿಡದೆ ತುಯ್ದಾಡುತ್ತಿರುತ್ತವೆ. ಸಣ್ಣವು ಚುರುಕಾಗಿ, ದೊಡ್ಡವು ಮಂದವಾಗಿ. ಲೇಸರ್ ಬೆಳಕು ಹಾಯಿಸಿ ಈ ತುಯ್ದಾಟದ ವೇಗದಿಂದ ಗಾತ್ರವನ್ನು ಕಂಡುಹಿಡಿಯುವುದು ಸಾಮಾನ್ಯ ಪದ್ಧತಿ. ಇದರಲ್ಲಿ ಸಿಗುವುದು ನೀರುಂಡ ಪೊರೆಯೂ ಸೇರಿದ ಗಾತ್ರ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡುವುದು ಒಣಗಿದ ಕಣವನ್ನು. ಅಲ್ಲಿ ಸಂಖ್ಯೆ ಚಿಕ್ಕದಾಗಿ ಬರುತ್ತದೆ. ಎರಡೂ ಸುಳ್ಳಲ್ಲ, ಎರಡೂ ಒಂದೇ ಅಲ್ಲ.

ಸರಾಸರಿಯ ತೊಡಕು ಇನ್ನೂ ಹೆಚ್ಚಿನದು. ತಾಲ್ಲೂಕಿನ ವಾರ್ಷಿಕ ಸರಾಸರಿ ಮಳೆ ವಾಡಿಕೆಯಷ್ಟೇ ಇದ್ದರೂ ಬಿತ್ತನೆಯ ತಿಂಗಳಲ್ಲಿ ಬಾರದೆ ಕೊಯ್ಲಿನ ತಿಂಗಳಲ್ಲಿ ಸುರಿದರೆ ಆ ಸರಾಸರಿಯಿಂದ ಪ್ರಯೋಜನವೇನು? ಸರಾಸರಿ 80 ಇರುವ ಔಷಧಿಯಲ್ಲಿ ಎಲ್ಲ ಕಣಗಳೂ 70 ರಿಂದ 90ರ ನಡುವೆ ಇರಬಹುದು, ಅಥವಾ 20ರವೂ 400ರವೂ ಕಲೆತಿರಬಹುದು. ಮೊದಲನೆಯದು ಮಾತ್ರ ಗಾತ್ರದ ಹತೋಟಿ ಎನಿಸಿಕೊಳ್ಳುತ್ತದೆ. ಭಾರತ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆ 2020ರಲ್ಲಿ ಹೊರಡಿಸಿದ ಮಾರ್ಗಸೂಚಿಗಳು ನ್ಯಾನೋ ಕೃಷಿ ಸಾಮಗ್ರಿಗಳ ಪರೀಕ್ಷೆಯಲ್ಲಿ ಕಣಗಳ ಗಾತ್ರದ ವಿವರವನ್ನೂ ಕೇಳುತ್ತವೆ. ಮಾರಾಟಗಾರರು ಈ ವಿವರವನ್ನು ತೋರಿಸಲಾರದಿದ್ದರೆ ಚೀಟಿಯ ಮೇಲಿನ ಪದವೊಂದಕ್ಕೇ ಹೆಚ್ಚಿನ ಬೆಲೆ ಕೊಡಬೇಕಾದ ಅಗತ್ಯವಿಲ್ಲ.

ಚಿಕ್ಕದಾದಷ್ಟೂ ಮೇಲೆ?

ಹೀಗೆ ತಿಳಿಯುವುದು ತಪ್ಪು. ಕಣದೊಳಗಿನಿಂದ ಔಷಧಿ ಹೊರಬರಲು ತಗಲುವ ಕಾಲ ವ್ಯಾಸದ ವರ್ಗಕ್ಕೆ ಅನುಗುಣವಾಗಿರುತ್ತದೆ. ವ್ಯಾಸ ಅರ್ಧವಾದರೆ ಕಾಲ ನಾಲ್ಕನೇ ಒಂದು. ಬೇರುಗಂಟು ಜಂತುಹುಳುವಿನಂಥ ಪೀಡೆಗೆ ಮಣ್ಣಿನಲ್ಲಿ ವಾರಗಟ್ಟಲೆ ಔಷಧಿ ಇರಬೇಕಾದಲ್ಲಿ ತೀರ ಸಣ್ಣ ಕಣ ಬೇಗ ಖಾಲಿಯಾಗಿ ನಷ್ಟವನ್ನೇ ತರುತ್ತದೆ. ಅಲ್ಲಿ ಮೈಕ್ರಾನ್ ಗಾತ್ರದ ಕೋಶಗಳೇ ಲೇಸು. ಮೇಲ್ಮೈ ಹೆಚ್ಚಿದಂತೆ ಬಿಸಿಲಿಗೆ ಒಡ್ಡಿಕೊಳ್ಳುವ ಭಾಗವೂ ಹೆಚ್ಚುತ್ತದೆ.

ಕಣಗಳು ಎಲೆಯೊಳಕ್ಕೆ ನುಗ್ಗುತ್ತವೆ ಎಂಬ ಪ್ರಚಾರವನ್ನೂ ಅಳೆದು ನೋಡಬೇಕು. ಎಲೆಯ ಮೇಣದ ಪೊರೆಯಲ್ಲಿರುವ ಸೂಕ್ಷ್ಮ ದಾರಿಗಳು ಕೆಲವೇ ನ್ಯಾನೋಮೀಟರ್ ಅಗಲ. ಜೀವಕೋಶದ ಗೋಡೆಯ ರಂಧ್ರಗಳೂ ಸಾಮಾನ್ಯವಾಗಿ 20 ನ್ಯಾನೋಮೀಟರ್ ಮೀರುವುದಿಲ್ಲ. ಪತ್ರರಂಧ್ರಗಳು ಮೈಕ್ರಾನ್ ಲೆಕ್ಕದ ಬಾಗಿಲುಗಳಾದರೂ ಒಳಹೊಕ್ಕ ಮೇಲೆ ಮತ್ತೆ ಕೋಶದ ಗೋಡೆ ಎದುರಾಗುತ್ತದೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದವರು ಟೊಮ್ಯಾಟೊ ಎಲೆಗಳ ಮೇಲೆ ನಕ್ಷತ್ರಾಕಾರದ ಕೋಪಾಲಿಮರುಗಳನ್ನು ಪರೀಕ್ಷಿಸುವಾಗ 6 ರಿಂದ 35 ನ್ಯಾನೋಮೀಟರ್ ಗಾತ್ರವನ್ನು ಆರಿಸಿಕೊಂಡದ್ದು ಇದೇ ಕಾರಣಕ್ಕೆ. 100 ನ್ಯಾನೋಮೀಟರ್ ಕಣದ ಮುಖ್ಯ ಲಾಭ ಎಲೆಯ ಮೇಲೆ ಸಮನಾಗಿ ಹರಡುವುದು, ಔಷಧಿಯನ್ನು ಹದವಾಗಿ ಬಿಡುವುದು; ಇಡೀ ಕಣವೇ ಗಿಡದೊಳಗೆ ಓಡಾಡುತ್ತದೆಂದು ನಂಬಬೇಕಾಗಿಲ್ಲ.

ಡ್ರಮ್ಮಿನಲ್ಲಿ ಕೆಡುವ ಗಾತ್ರ

ಬಯಲುಸೀಮೆಯ ಅನೇಕ ಕೊಳವೆಬಾವಿಗಳ ನೀರು ಗಡಸು. ಬಟ್ಟೆ ಸೋಪು ಅದರಲ್ಲಿ ನೊರೆಯಾಗದೆ ಮೊಸರಿನಂತೆ ಒಡೆಯುತ್ತದೆ, ಏಕೆಂದರೆ ನೀರಿನ ಸುಣ್ಣದ ಅಂಶ ಸೋಪಿನ ಆಮ್ಲಭಾಗವನ್ನು ಹಿಡಿದುಕೊಳ್ಳುತ್ತದೆ. ಪೊರೆಯು ಪಾಲಿಅಕ್ರಿಲಿಕ್ ಆಮ್ಲದಂಥ ವಿದ್ಯುದಂಶವುಳ್ಳ ತುಂಡಿನಿಂದಾಗಿದ್ದರೆ ನ್ಯಾನೋಕಣಕ್ಕೂ ಇದೇ ಗತಿ. ಸುಣ್ಣದ ಅಂಶ ಎರಡು ಕಣಗಳ ನಡುವೆ ಸೇತುವೆಯಾಗಿ ನಿಂತು ಅವನ್ನು ಕೂಡಿಸುತ್ತದೆ. ನೀರು ಹುಳಿಯಾದಾಗಲೂ ಇಂಥ ಪೊರೆಯ ಬಲ ಕುಗ್ಗುತ್ತದೆ. ಪಾಲಿಇಥಿಲೀನ್ ಗ್ಲೈಕಾಲ್ ಪೊರೆಗೆ ಗಡಸು ನೀರಿನ ಬಾಧೆ ಕಡಿಮೆ. ಆದರೆ ಇಥಿಲೀನ್ ಆಕ್ಸೈಡ್ ಜಾತಿಯ ಪೊರೆಗಳು ಬಿಸಿ ಮತ್ತು ಉಪ್ಪು ಎರಡೂ ಏರಿದಾಗ ನೀರನ್ನು ಬಿಟ್ಟು ಸುರುಟಿಕೊಳ್ಳುತ್ತವೆ. ಬೇಸಿಗೆಯ ಬಿಸಿಲಿನಲ್ಲಿ ಕಾದ ನೀರಿಗೆ ಔಷಧಿಯ ಜೊತೆ ರಂಜಕ, ಪೊಟ್ಯಾಶ್ ಇರುವ ನೀರಿನಲ್ಲಿ ಕರಗುವ ಗೊಬ್ಬರವನ್ನೂ ಧಾರಾಳವಾಗಿ ಸೇರಿಸಿದರೆ ಈ ಎರಡೂ ಕೆಡುಕುಗಳು ಒಟ್ಟಿಗೇ ಬರುತ್ತವೆ. ಒಂದೇ ಸಿಂಪರಣೆಯಲ್ಲಿ ಎರಡು ಕೆಲಸ ಮುಗಿಸುವ ಕೂಲಿಯ ಉಳಿತಾಯ ಅರ್ಥವಾಗುವಂಥದೇ. ಆದರೂ ನ್ಯಾನೋ ಔಷಧಿಯೊಂದಿಗೆ ಹೀಗೆ ಮಾಡುವ ಮೊದಲು ಸೀಸೆಯಲ್ಲಿ ಪರೀಕ್ಷಿಸಿ ನೋಡುವುದು ಕ್ಷೇಮ.

ಈ ಪರೀಕ್ಷೆ ಕಷ್ಟವಲ್ಲ. ಅಡುಗೆಗೆ ಬಳಸದ, ಮುಚ್ಚಳವಿರುವ ಒಂದು ಲೀಟರಿನ ಎರಡು ಗಾಜಿನ ಸೀಸೆಗಳಲ್ಲಿ ಸಿಂಪರಣೆಗೆ ಬಳಸುವ ನೀರನ್ನೇ ಅರ್ಧ ಲೀಟರಿನಂತೆ ಹಾಕಬೇಕು. ಲೀಟರಿಗೆ 1 ಮಿಲಿಲೀಟರ್ ಶಿಫಾರಸು ಇದ್ದರೆ ಅರ್ಧ ಮಿಲಿಲೀಟರ್ ಔಷಧಿಯನ್ನು ಎರಡಕ್ಕೂ ಸೇರಿಸಿ, ಗೊಬ್ಬರವನ್ನೋ ಇನ್ನೊಂದು ಔಷಧಿಯನ್ನೋ ಅದೇ ಅನುಪಾತದಲ್ಲಿ ಒಂದಕ್ಕೆ ಮಾತ್ರ ಬೆರೆಸಿ, ಅರ್ಧ ಗಂಟೆ ಬಿಡಬೇಕು. ಕೈಗವಸು ಹಾಕಿಕೊಂಡಿರಬೇಕು. ಚೂರು, ಲೋಳೆ, ಗಸಿ ಕಂಡರೆ ಆ ಬೆರಕೆ ಕೂಡದು. ಚೂರು ಕಾಣದಿದ್ದರೂ ನ್ಯಾನೋಕಣ ಕೆಟ್ಟಿರಬಹುದು. ಅದನ್ನು ತಿಳಿಯಲು ಕತ್ತಲೆ ಕೋಣೆಯಲ್ಲಿ ಎರಡೂ ಸೀಸೆಗಳಿಗೆ ಪಕ್ಕದಿಂದ ಟಾರ್ಚ್ ಬೆಳಕು ಬಿಟ್ಟು ನೋಡಬೇಕು. ಸಣ್ಣ ಕಣಗಳಿದ್ದರೆ ನೀರು ಹೆಚ್ಚುಕಡಿಮೆ ತಿಳಿಯಾಗಿದ್ದು ಬೆಳಕಿನ ದಾರಿ ನಸುನೀಲಿಯಾಗಿ ಕಾಣುತ್ತದೆ. ಕಣಗಳು ಕೂಡಿ ದೊಡ್ಡವಾಗಿದ್ದರೆ ನೀಲಿ ಹೋಗಿ ಬಿಳುಪು ಬರುತ್ತದೆ. ಇಷ್ಟು ಸಣ್ಣ ಕಣಗಳಲ್ಲಿ ವ್ಯಾಸ ದುಪ್ಪಟ್ಟಾದರೆ ಒಂದು ಕಣ ಚದುರಿಸುವ ಬೆಳಕು 64 ಪಟ್ಟು ಏರುವುದರಿಂದ ಬರಿಗಣ್ಣಿಗೂ ಈ ವ್ಯತ್ಯಾಸ ಸಿಗುತ್ತದೆ. ನ್ಯಾನೋ ಎಂದು ಕೊಂಡ ತಿಳಿ ಔಷಧಿ ಬರಿಯ ನೀರಿನಲ್ಲಿಯೇ ಹಾಲಿನಂತಾದರೆ ಅದರಲ್ಲಿ ದೊಡ್ಡ ಕಣಗಳು ಸಾಕಷ್ಟಿವೆ ಎಂದೇ ಅರ್ಥ.

ಬೆರೆಸಿದ ದ್ರಾವಣವನ್ನು ಮರುದಿನಕ್ಕೆ ಇಡಬಾರದು. ನೀರಿನಲ್ಲಿ ಅತ್ಯಲ್ಪವಾಗಿ ಕರಗುವ ಔಷಧಿಯೂ ಸಣ್ಣ ಕಣಗಳಿಂದ ಕರಗಿ ದೊಡ್ಡ ಕಣಗಳ ಮೇಲೆ ಸೇರುತ್ತ ಹೋಗುತ್ತದೆ. ಊರಿನಲ್ಲಿ ಸಣ್ಣ ಹಿಡುವಳಿಗಳು ಕರಗಿ ದೊಡ್ಡ ಹಿಡುವಳಿ ಬೆಳೆಯುವಂತೆಯೇ ಇದು. ತಯಾರಿಕೆಯಲ್ಲಿ ಬಳಸಿದ ದ್ರಾವಕ ಪೂರ್ತಿ ತೆಗೆಯದೆ ಉಳಿದಿದ್ದರೆ ಇನ್ನೂ ಬೇಗ. ಸೀಸೆಯನ್ನು ಬಿಸಿಲು ಬೀಳದ ಜಾಗದಲ್ಲಿ, ಮುಚ್ಚಳ ಬಿಗಿಯಾಗಿ ಹಾಕಿ ಇಡಬೇಕು. ಒಣಗಿದಾಗ ಪೊರೆಗಳು ಒಂದರೊಳಗೊಂದು ಸಿಕ್ಕಿಕೊಳ್ಳುವುದರಿಂದ ಕಣಗಳನ್ನು ಮತ್ತೆ ಬಿಡಿಸುವುದು ಕಷ್ಟ. ಪುಡಿ ರೂಪದಲ್ಲಿ ಮಾರಬೇಕೆನ್ನುವ ತಯಾರಕರು ಒಣಗಿಸುವ ಮೊದಲು ಸಕ್ಕರೆಯಂಥ ವಸ್ತುವನ್ನು ನಡುವೆ ತುಂಬಿಸುವುದು ಇದಕ್ಕಾಗಿಯೇ. ಆದ್ದರಿಂದ ಮುಚ್ಚಳದ ಸುತ್ತ ಒಣಗಿ ನಿಂತ ಹಕ್ಕಳೆಯನ್ನು ಹಾಳಾಗುತ್ತದೆಂದು ಕೆರೆದು ಸೀಸೆಗೆ ಮರಳಿ ಹಾಕಬಾರದು. ಅದು ಮತ್ತೆ ನ್ಯಾನೋಕಣವಾಗುವುದಿಲ್ಲ, ನಳಿಕೆಯ ತೂತನ್ನು ಮಾತ್ರ ಕಟ್ಟುತ್ತದೆ.